ಹೆಸರು ಹಿಡಿದು ಕರೆಯುವವರು ಅಲ್ಲಿದ್ದಾರೆಯೇ?

ನಮ್ಮ ಕಡೆ ಕೂಸಿನ ಮೊದಲ ಪ್ರಯಾಣವನ್ನು ಯಾರೂ ಪ್ರವಾಸ ಎಂದು ಕರೆಯುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುತ್ತದೆ. ಬಾಣಂತನ ಮುಗಿದು ಮೂರನೆಯದೋ ಐದನೆಯದೋ ತಿಂಗಳು ಬಂದಾಗ ತೊಟ್ಟಿಲು, ಕುಂಚಿಗೆ, ಬೆಳ್ಳಿ ಉಡದಾರದ ಸಮೇತ ಕೂಸು ಬೀಳಗಿಯಿಂದ ಜಮಖಂಡಿಗೋ ಮುಧೋಳದಿಂದ ಬನಹಟ್ಟಿಗೋ ಬರುತ್ತದೆ. ಆಮೇಲೆ ಜವಳ ತೆಗೆಸಲು ಮನೆದೇವರ ಗುಡಿ, ಜಾತ್ರೆಗೆ ಸೋದರಮಾವನ ಊರು, ಸೂಟಿಗೆ ಆಯಿಯ ಮನೆ. ದೂರ ಹೆಚ್ಚುಕಡಿಮೆ ಇರಬಹುದು, ವಾಹನ ಚಕ್ಕಡಿಯೋ ಕೆಂಪು ಬಸ್ಸೋ ಆಗಿರಬಹುದು. ಆದರೆ ಈ ಎಲ್ಲ ಪ್ರಯಾಣಗಳ ಕೊನೆಗೆ ಕೂಸನ್ನು ಇಸಿದುಕೊಳ್ಳಲು ಯಾರದೋ ಕೈ ಚಾಚಿಕೊಂಡೇ ಇರುತ್ತದೆ. ಬರೀ ಊರು ನೋಡಲಿ ಎಂದು ಎರಡು ವರ್ಷದ ಮಗುವನ್ನು ಹೊತ್ತೊಯ್ಯುವುದು ನಮ್ಮ ರೂಢಿಯಲ್ಲಿ ಇರಲಿಲ್ಲ. ಅದಕ್ಕೆ ಬಡತನ ಒಂದು ಕಾರಣ, ನಿಜ. ಅದರ ಜೊತೆಗೆ ಒಂದು ತಿಳಿವಳಿಕೆಯೂ ಇತ್ತು: ಸಣ್ಣ ಮಗುವಿಗೆ ಊರು ಎಂದರೆ ಕಟ್ಟಡಗಳಲ್ಲ, ಮಂದಿ.

ಈಗ ಆ ಪ್ರಯಾಣದ ದಿಕ್ಕು ಬದಲಾಗಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲ್ಲೂಕುಗಳ ಕಬ್ಬಿನ ದುಡ್ಡು, ಮಗ್ಗದ ದುಡ್ಡು ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿತು. ಓದಿದವರು ಬೆಂಗಳೂರು, ಪುಣೆ ದಾಟಿ ಡಲ್ಲಾಸ್, ದುಬೈ, ಲಂಡನ್ ಸೇರಿದರು. ಕೂಸು ತವರಿನಲ್ಲಿ ಹುಟ್ಟುವ ಬದಲು ಆಯಿಯೇ ಸಂದರ್ಶಕರ ವೀಸಾ ಹಿಡಿದು ಬಾಣಂತನಕ್ಕೆ ವಿಮಾನ ಹತ್ತುತ್ತಾಳೆ. ಇನ್ನೊಂದು ಕಡೆ, ಊರಲ್ಲೇ ಇರುವ ವ್ಯಾಪಾರಿ, ಡಾಕ್ಟರು, ದೊಡ್ಡ ರೈತರ ಮನೆಗಳಲ್ಲಿ ಬೇಸಿಗೆ ಸೂಟಿಗೆ ಸಿಂಗಪುರ, ದುಬೈ, ಥಾಯ್ಲೆಂಡ್ ಪ್ಯಾಕೇಜಿನ ಮಾತು ಏಳುತ್ತದೆ. ಹೀಗೆ ಮಾತು ಎದ್ದ ಕಡೆಯಲ್ಲೆಲ್ಲ ಒಂದೇ ಪ್ರಶ್ನೆ: ಸಣ್ಣವರನ್ನು ಕರೆದುಕೊಂಡು ಹೋಗಬೇಕೋ ಬೇಡವೋ? ಇದಕ್ಕೆ ಉತ್ತರವನ್ನು ಸಾಮಾನ್ಯವಾಗಿ ಮಗುವಿನ ವಯಸ್ಸಿನಲ್ಲಿ, ಇಲ್ಲವೇ ಟಿಕೆಟ್ಟಿನ ದರದಲ್ಲಿ ಹುಡುಕುತ್ತೇವೆ. ನನ್ನ ವಾದ ಬೇರೆ. ಮೊದಲು ಕೇಳಬೇಕಾದದ್ದು, ಇಳಿಯುವ ಊರಿನಲ್ಲಿ ಈ ಕೂಸನ್ನು ಹೆಸರು ಹಿಡಿದು ಕರೆಯುವವರು ಯಾರಾದರೂ ಇದ್ದಾರೆಯೇ ಎಂದು. ಇದ್ದರೆ ಮಗು ಎಷ್ಟೇ ಸಣ್ಣದಿರಲಿ, ತಯಾರಿ ಮಾಡಿಕೊಂಡು ಹೋಗುವುದು ಒಳ್ಳೆಯದು. ಇಲ್ಲದಿದ್ದರೆ ಏಳೆಂಟು ವರ್ಷ ತುಂಬುವವರೆಗೆ ಕಾದರೆ ಮಗುವಿಗೆ ಯಾವ ನಷ್ಟವೂ ಇಲ್ಲ.

ಮೊದಲು ಮೈಯ ಲೆಕ್ಕ ನೋಡೋಣ. ಜಮಖಂಡಿಗೂ ರಬಕವಿ-ಬನಹಟ್ಟಿಗೂ ರೈಲು ಇನ್ನೂ ಬಂದಿಲ್ಲ. ಬಾಗಲಕೋಟೆ–ಕುಡಚಿ ಮಾರ್ಗ ಮುಗಿಯುವುದನ್ನು ಮಂದಿ ವರ್ಷಗಟ್ಟಲೆ ಕಾಯುತ್ತಿದ್ದಾರೆ. ಬೆಳಗಾವಿಯ ಸಾಂಬ್ರಾ ಮತ್ತು ಹುಬ್ಬಳ್ಳಿಯಿಂದ ಏಳುವುದು ದೇಶದೊಳಗಿನ ವಿಮಾನಗಳು. ಬೆಂಗಳೂರು 500 ಕಿಲೋಮೀಟರಿಗೂ ಆಚೆ. ‘ದುಬೈ ಬರೀ ನಾಲ್ಕು ತಾಸು’ ಎಂದು ಏಜೆಂಟ್ ಹೇಳುವುದು ಸುಳ್ಳಲ್ಲ. ಆದರೆ ರಾತ್ರಿ ಸ್ಲೀಪರ್ ಬಸ್ಸು, ನಿಲ್ದಾಣದಲ್ಲಿ ಮೂರು ತಾಸಿನ ಸಾಲು, ಹಾರಾಟ, ಅಲ್ಲಿಯ ವಲಸೆ ತಪಾಸಣೆ ಎಲ್ಲ ಕೂಡಿಸಿದರೆ ಮನೆಯ ಹೊಸ್ತಿಲಿಂದ ಹೋಟೆಲಿನ ಹಾಸಿಗೆಗೆ ಹೆಚ್ಚುಕಡಿಮೆ ಒಂದು ಹಗಲು, ಒಂದು ರಾತ್ರಿ. ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಕಿವಿಯನ್ನೂ ಗಂಟಲನ್ನೂ ಸೇರಿಸುವ ನಳಿಕೆ ಮಕ್ಕಳಲ್ಲಿ ಸಣ್ಣದು, ಹೆಚ್ಚು ಅಡ್ಡವಾದದ್ದು. ಹಾಗಾಗಿ ಒತ್ತಡ ಸರಿಹೋಗದೆ ಕಿವಿ ನೋಯುತ್ತದೆ. ನುಂಗಿದಾಗ ಆ ನಳಿಕೆ ತೆರೆಯುತ್ತದೆ, ಅದಕ್ಕೇ ಇಳಿಯುವ ಹೊತ್ತಿಗೆ ಎದೆಹಾಲು ಕೊಡಿ, ದೊಡ್ಡ ಮಕ್ಕಳಿಗೆ ನೀರು ಕುಡಿಸಿ ಎನ್ನುವುದು. ನೆಗಡಿಯಾಗಿದ್ದರೆ ನೋವು ಇಮ್ಮಡಿ.

ಮೈಗೆ ಒಂದು ಗಡಿಯಾರವೂ ಇದೆ. ಸಮಯದ ಅಂತರ ಒಂದು ತಾಸು ಇದ್ದರೆ ನಿದ್ದೆ ಹೊಂದಿಕೊಳ್ಳಲು ಸುಮಾರು ಒಂದು ದಿನ ಬೇಕು ಎನ್ನುವುದು ವೈದ್ಯರು ಬಳಸುವ ಒರಟು ಲೆಕ್ಕ. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ, ಸಿಂಗಪುರ ಎರಡೂವರೆ ತಾಸು ಮುಂದೆ. ಇವು ನಿಭಾಯಿಸಬಲ್ಲ ಅಂತರಗಳು. ಅಮೆರಿಕದ ಪೂರ್ವ, ಪಶ್ಚಿಮ ಕರಾವಳಿಗಳು ಋತುವಿಗೆ ತಕ್ಕಂತೆ ಒಂಬತ್ತೂವರೆಯಿಂದ ಹದಿಮೂರೂವರೆ ತಾಸು ಹಿಂದೆ. ಹತ್ತು ದಿನದ ಪ್ರವಾಸಕ್ಕೆ ಅಲ್ಲಿ ಹೋದ ಮಗುವಿನ ನಿದ್ದೆ ಹೊಂದಿಕೊಳ್ಳುವ ಹೊತ್ತಿಗೆ ವಾಪಸು ಹೊರಡುವ ಪೆಟ್ಟಿಗೆ ಕಟ್ಟಬೇಕು. ಹೆಸರು ಹಿಡಿದು ಕರೆಯುವವರ ಮನೆಗೂ ಹೋಟೆಲಿಗೂ ಇರುವ ವ್ಯತ್ಯಾಸ ಇಲ್ಲಿಂದಲೇ ಶುರುವಾಗುತ್ತದೆ. ಬಂಧುಗಳ ಮನೆಗೆ ಹೋದವರು ವಾರಗಟ್ಟಲೆ ಒಂದೇ ಕಡೆ ಇರುತ್ತಾರೆ. ನಡುರಾತ್ರಿ ಎರಡಕ್ಕೆ ಎದ್ದು ಕೂತ ಕೂಸಿಗೆ ಅನ್ನ-ಸಾರು ಕಲಸಿಕೊಡುವ ಅಡುಗೆಮನೆ ಇರುತ್ತದೆ. ಪ್ಯಾಕೇಜಿನವರು ಎರಡೆರಡು ರಾತ್ರಿಗೆ ಊರು ಬದಲಿಸುತ್ತಾರೆ, ಬೆಳಗ್ಗೆ ಎಂಟಕ್ಕೆ ಬಸ್ಸು ಯಾರಿಗೂ ಕಾಯುವುದಿಲ್ಲ.

ಇನ್ನು ನೆನಪಿನ ಮಾತು. ಬಹುಪಾಲು ದೊಡ್ಡವರ ಅತಿ ಹಳೆಯ ನೆನಪು ಮೂರು, ಮೂರೂವರೆ ವರ್ಷದ ಆಚೀಚಿನದು. ಅದಕ್ಕೂ ಹಿಂದಿನದು ಬರೀ ಕತ್ತಲು. ಆದರೆ ಮೂರು ವರ್ಷದ ಮಗು ಹೋದ ತಿಂಗಳ ಜಾತ್ರೆಯನ್ನು ಚೆನ್ನಾಗಿಯೇ ವರ್ಣಿಸುತ್ತದಲ್ಲ, ಆ ನೆನಪು ಎಲ್ಲಿ ಹೋಗುತ್ತದೆ? ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಬಾಯರ್ ಇದನ್ನೇ ಬೆನ್ನುಹತ್ತಿದರು. ಮೂರು ವರ್ಷದ ಮಕ್ಕಳು ತಾಯಂದಿರ ಜೊತೆ ಇತ್ತೀಚಿನ ಘಟನೆಗಳನ್ನು ಮಾತಾಡುವುದನ್ನು ದಾಖಲಿಸಿಕೊಂಡು, ವರ್ಷಗಳ ನಂತರ ಅದೇ ಘಟನೆಗಳ ಬಗ್ಗೆ ಮತ್ತೆ ಕೇಳಿದರು. 2014ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಐದರಿಂದ ಏಳು ವರ್ಷದವರು ಶೇ 63ರಿಂದ 72ರಷ್ಟು ಘಟನೆಗಳನ್ನು ನೆನಪಿಸಿಕೊಂಡರು. ಎಂಟು, ಒಂಬತ್ತು ವರ್ಷದವರಿಗೆ ಉಳಿದದ್ದು ಸುಮಾರು ಶೇ 35. ಅಂದರೆ ಎಳೆಯ ನೆನಪು ಹುಟ್ಟುವುದೇ ಇಲ್ಲ ಎಂದಲ್ಲ, ಹುಟ್ಟಿ ಏಳೆಂಟು ವರ್ಷದ ಹೊತ್ತಿಗೆ ಉದುರುತ್ತದೆ. ಮೂರನೇ ವರ್ಷದಲ್ಲಿ ಕಂಡ ಸಿಂಗಪುರದ ಮೃಗಾಲಯ ಒಂದನೇ ತರಗತಿಯಲ್ಲಿ ನೆನಪಿದ್ದರೂ ನಾಲ್ಕನೆಯದರಲ್ಲಿ ಇರುವುದು ಅನುಮಾನ. ಮಗುವಿಗೆ ಮಾತಿನ ದಾರಿ ಬಿಟ್ಟುಕೊಟ್ಟು, ‘ಆಮೇಲೆ ಏನಾತು?’ ಎಂದು ಕೇಳುತ್ತ ಹೋದ ತಾಯಂದಿರ ಮಕ್ಕಳ ನೆನಪು ಹೆಚ್ಚು ಬಾಳಿತು ಎನ್ನುವುದು ಅದೇ ಅಧ್ಯಯನದ ಇನ್ನೊಂದು ಮುಖ. ಹೇಳಿ ಕೇಳುವವರು ಇದ್ದರೆ ನೆನಪು ನಿಲ್ಲುತ್ತದೆ. ಮುತ್ಯಾನ ಹೆಗಲ ಮೇಲೆ ಕೂತು ಹೊಲಕ್ಕೆ ಹೋದದ್ದನ್ನು ಮುತ್ಯಾ ಪ್ರತಿ ಭಾನುವಾರ ಫೋನಿನಲ್ಲಿ ಮತ್ತೆ ಹೇಳುತ್ತಾನೆ. ಹೋಟೆಲಿನ ಈಜುಕೊಳ ಫೋನ್ ಮಾಡುವುದಿಲ್ಲ.

ನೆನಪು ಉಳಿಯದಿದ್ದರೇನಂತೆ, ಅನುಭವ ಒಳಗೆ ಇಳಿದಿರುತ್ತದಲ್ಲ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಎದೆಹಾಲು ಕುಡಿದದ್ದೂ ಯಾರಿಗೂ ನೆನಪಿಲ್ಲ, ಹಾಗಂತ ಅದು ವ್ಯರ್ಥವಲ್ಲ. ಆದರೆ ಒಳಗೆ ಇಳಿಯುವುದು ಏನು ಎಂದು ನೋಡಬೇಕು. ಭಾಷೆಯ ಉದಾಹರಣೆ ತೆಗೆದುಕೊಳ್ಳಿ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದಂತೆ, ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ‘ಟ’ ಮತ್ತು ‘ತ’ಗಳನ್ನು ಬೇರೆ ಬೇರೆ ಎಂದು ಗುರುತಿಸುತ್ತವೆ. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಭೇದ ಅವುಗಳ ಕಿವಿಯಿಂದ ಜಾರಿರುತ್ತದೆ. ‘ಟ’–‘ತ’ ಭೇದ ಕನ್ನಡದ್ದೂ ಹೌದು. ಸಿಯಾಟಲ್‌ನ ಪೆಟ್ರೀಷಿಯಾ ಕೂಲ್ 2003ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಎದುರು ಚೀನೀ ಭಾಷಿಕರು ಕೂತು, ಹನ್ನೆರಡು ಸಲ ಆಡಿಸುತ್ತ ಓದುತ್ತ ಮಾತಾಡಿದರೆ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಹಿಡಿದವು. ಅದೇ ಮಾತನ್ನು ಟಿ.ವಿ.ಯಲ್ಲಿ ತೋರಿಸಿದಾಗ, ಧ್ವನಿಮುದ್ರಿಕೆಯಲ್ಲಿ ಕೇಳಿಸಿದಾಗ ಏನೂ ಹಿಡಿಯಲಿಲ್ಲ. ಎಳೆಯ ಮನಸ್ಸು ಕಲಿಯುವುದು ಎದುರಿಗಿರುವ ಮುಖದಿಂದ, ತನ್ನ ಕಣ್ಣಿಗೆ ಕಣ್ಣು ಕೊಡುವವರಿಂದ. ಡಲ್ಲಾಸಿನಲ್ಲಿ ಹುಟ್ಟಿದ ಕೂಸನ್ನು ಎಂಟನೇ ತಿಂಗಳಲ್ಲಿ ರಬಕವಿಗೆ ಕರೆತಂದರೆ ಊರಿನ ನೆನಪು ಖಂಡಿತ ಉಳಿಯುವುದಿಲ್ಲ. ಆದರೆ ಆಯಿಯ ಬಾಯಿಂದ ಬಿದ್ದ ಟಕಾರ, ತಕಾರ ಕಿವಿಯೊಳಗೆ ಕೆಲಸ ಮಾಡಿಯೇ ಇರುತ್ತವೆ.

ವಿಡಿಯೊ ಕಾಲ್ ಇದೆಯಲ್ಲ ಎನ್ನುವವರ ಮಾತಿನಲ್ಲೂ ಅರ್ಧ ಸತ್ಯವಿದೆ. ಎರಡು ವರ್ಷ ದಾಟಿದ ಮಕ್ಕಳು, ಆ ಕಡೆಯವರು ನಿಜಕ್ಕೂ ಮಾತಿಗೆ ಮಾತು ಕೊಡುತ್ತಿದ್ದರೆ, ವಿಡಿಯೊ ಕಾಲಿನಲ್ಲೂ ಹೊಸ ಪದ ಕಲಿಯುತ್ತಾರೆ ಎನ್ನುವುದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಪರದೆಯಿಂದ ಕೈ ಚಾಚಲು ಬರುವುದಿಲ್ಲ. ಆಯಿಯ ಸೀರೆಯ ಸೆರಗಿನ ವಾಸನೆ, ರೊಟ್ಟಿ ಬಡಿಯುವ ಸಪ್ಪಳ, ಹಟ ಮಾಡಿದಾಗ ಬೆನ್ನ ಮೇಲೆ ಬೀಳುವ ಹಗುರ ಏಟು ಯಾವ ಸಿಗ್ನಲಿನಲ್ಲೂ ದಾಟುವುದಿಲ್ಲ. ಫೋನು ಕಟ್ಟಿದ ಸಂಬಂಧವನ್ನು ಕಾಯಬಲ್ಲದು, ಕಟ್ಟುವ ಕೆಲಸ ಕಷ್ಟ. ಜೊತೆಗೆ, ಮುತ್ಯಾ-ಆಯಿಗೆ ಎಪ್ಪತ್ತೈದು ದಾಟಿದ್ದರೆ ‘ಮಗು ದೊಡ್ಡದಾಗಲಿ, ಆಗ ನೋಡೋಣ’ ಎನ್ನುವ ಮಾತಿಗೆ ಅರ್ಥವಿಲ್ಲ. ಕಾಯಲು ಮಗುವಿಗೆ ಪುರುಸೊತ್ತಿದೆ, ಅವರಿಗಿಲ್ಲ.

ಪ್ರವಾಸ ಮಗುವಿನ ಬುದ್ಧಿ ಬೆಳೆಸುತ್ತದೆ ಎನ್ನುವುದು ಮತ್ತೊಂದು ಆಕ್ಷೇಪ. ಸುತ್ತಾಟವೇ ಶಿಕ್ಷಣವಾಗಿದ್ದರೆ ಈ ತಾಲ್ಲೂಕುಗಳಲ್ಲೇ ಅತ್ಯಂತ ಕಲಿತವರು ಕಬ್ಬು ಕಡಿಯುವ ಗ್ಯಾಂಗುಗಳ ಮಕ್ಕಳಾಗಬೇಕಿತ್ತು. ದೀಪಾವಳಿ ಹೊತ್ತಿಗೆ ಕಾರ್ಖಾನೆಗಳು ಶುರುವಾದವೆಂದರೆ ಬೇರೆ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಗ್ಯಾಂಗುಗಳು ಬರುತ್ತವೆ. ಹೊಲದ ಬದುವಿನ ಜೋಪಡಿಯಲ್ಲಿ ಕೂಸು, ಜೋಳಿಗೆ, ಪಾತ್ರೆ ಎಲ್ಲ ಒಟ್ಟಿಗೆ. ಆ ಮಕ್ಕಳು ಊರಿಂದೂರಿಗೆ ತಿರುಗುತ್ತಾರೆ, ಹೊಸ ಭಾಷೆ ಕೇಳುತ್ತಾರೆ, ಶಾಲೆ ಮಾತ್ರ ತಪ್ಪುತ್ತದೆ. ಅದು ಹೊಟ್ಟೆಪಾಡಿನ ಪ್ರಯಾಣ, ಇದು ಹವ್ಯಾಸದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಆದರೆ ಅದು ಒಂದು ಮಾತನ್ನು ಸ್ಪಷ್ಟಪಡಿಸುತ್ತದೆ: ಜಾಗ ಬದಲಾದ ಮಾತ್ರಕ್ಕೆ ಮಗು ಬೆಳೆಯುವುದಿಲ್ಲ. ಹೊಸದನ್ನು ನೋಡಿ ಅರ್ಥ ಮಾಡಿಕೊಳ್ಳಲು ನೆಲೆನಿಂತ ಹಗಲು, ಗೊತ್ತಿರುವ ಮುಖ, ಪ್ರಶ್ನೆ ಕೇಳುವಷ್ಟು ಮಾತು ಬೇಕು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪುತ್ಥಳಿ ಇದೆ. ಕೂಡಲಸಂಗಮದ ಸೀಮೆಯಿಂದ ಹೋದವರಿಗೆ ಅದರ ಎದುರು ನಿಂತಾಗ ಎದೆ ತುಂಬುವುದು ಸಹಜ. ಮೂರು ವರ್ಷದ ಮಗನ ಕಣ್ಣು ಪುತ್ಥಳಿಯ ಬುಡದಲ್ಲಿ ಕಾಳು ಹೆಕ್ಕುವ ಪಾರಿವಾಳದ ಮೇಲೆ ಇರುತ್ತದೆ. ಅದು ಅವನ ತಪ್ಪಲ್ಲ. ಅವನ ಜಗತ್ತು ಮೊಣಕಾಲೆತ್ತರದ್ದು, ಪಾರಿವಾಳ ಆ ಎತ್ತರಕ್ಕೆ ಸಿಗುತ್ತದೆ. ಅದೇ ಹುಡುಗ ಹತ್ತು ವರ್ಷದವನಾಗಿ, ಕೂಡಲಸಂಗಮ ನೋಡಿ, ನಾಲ್ಕು ವಚನ ಬಾಯಿಪಾಠ ಮಾಡಿ ಅಲ್ಲಿ ಹೋದರೆ ಪುತ್ಥಳಿ ಅವನೊಂದಿಗೆ ಮಾತಾಡುತ್ತದೆ.

ಮೊಣಕಾಲೆತ್ತರದ ಆ ಜಗತ್ತಿಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕೊರತೆ ಇಲ್ಲ. ರಬಕವಿಯ ಒಂದು ಕುಣಿ ಮಗ್ಗದ ಮುಂದೆ ನಾಲ್ಕು ವರ್ಷದ ಮಗುವನ್ನು ಕೂರಿಸಿ ನೋಡಿ. ನೇಕಾರನ ಕಾಲು ಕುಣಿಯೊಳಗೆ ತುಳಿಯುತ್ತದೆ, ಹಾಸಿನ ಎಳೆಗಳು ಮೇಲೆ ಕೆಳಗೆ ಬಾಯಿ ತೆರೆಯುತ್ತವೆ, ಲಾಳಿ ಆ ಬಾಯೊಳಗೆ ತೂರಿ ಆಚೆ ಹೋಗಿ ಮತ್ತೆ ಈಚೆ ಬರುತ್ತದೆ. ಮಗುವಿನ ತಲೆಯೂ ಅದರ ಜೊತೆ ಆ ಕಡೆ ಈ ಕಡೆ. ಕಂಡಿಕೆಯ ನೂಲು ಮುಗಿದಾಗ ಮಗ್ಗ ನಿಲ್ಲುತ್ತದೆ, ಯಾಕೆ ನಿಂತಿತು ಎಂದು ಮಗು ಕೇಳುತ್ತದೆ, ನೇಕಾರ ಹೇಳುತ್ತಾನೆ. ಅರ್ಧ ತಾಸಿನಲ್ಲಿ ಅದಕ್ಕೆ ಒಂದು ಕಾರಣ, ಒಂದು ಪರಿಣಾಮ, ಎರಡು ಹೊಸ ಪದ ಸಿಕ್ಕವು. ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಕೂಡುತ್ತದೆ, ಚಳಿಗಾಲಕ್ಕೆ ಹಿನ್ನೀರಿಗೆ ಪರದೇಶದ ಹಕ್ಕಿಗಳು ತಾವಾಗಿಯೇ ಬರುತ್ತವೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ತಮ್ಮ ದುಡ್ಡು ಹಾಕಿ, ಬೆವರು ಸುರಿಸಿ ಕಟ್ಟಿದ ಶ್ರಮಬಿಂದು ಸಾಗರ ಬ್ಯಾರೇಜ್ ಇದೆ. ಮುಧೋಳದ ಬಳಿ ತಿಮ್ಮಾಪುರದಲ್ಲಿ ಮುಧೋಳ ನಾಯಿ ತಳಿಯ ಸಂಶೋಧನಾ ಕೇಂದ್ರವಿದೆ. ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆಯವರ ಕಾಣಿಕೆಯಾಗಿ ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಯ ಬಳಿ ಹೋದ ತಳಿ ಅದು. ನಮ್ಮ ಮಕ್ಕಳಿಗಿಂತ ಎಷ್ಟೋ ಮೊದಲೇ ನಮ್ಮ ನಾಯಿಗಳು ವಿಲಾಯತಿ ಕಂಡಿದ್ದವು. ಆದರೆ ಅವನ್ನು ನೋಡಲು ಮಗುವಿಗೆ ಪಾಸ್‌ಪೋರ್ಟ್ ಬೇಕಿಲ್ಲ.

ದುಡ್ಡಿನ ಮಾತು ಬಂದಾಗ ಏಜೆಂಟರು ಮುಂದಿಡುವ ಒಂದು ಆಮಿಷ ಗೊತ್ತಿರಬೇಕು. ಎರಡು ವರ್ಷ ತುಂಬದ ಕೂಸು ತೊಡೆಯ ಮೇಲೆ ಕೂತರೆ ಬಹುತೇಕ ವಿಮಾನ ಕಂಪನಿಗಳು ದೊಡ್ಡವರ ದರದ ಸುಮಾರು ಶೇ 10ರಷ್ಟು ಮಾತ್ರ ಪಡೆಯುತ್ತವೆ. ಎರಡನೇ ಹುಟ್ಟುಹಬ್ಬ ದಾಟಿದರೆ ಬೇರೆ ಸೀಟು, ದರವೂ ದೊಡ್ಡವರಿಗೆ ಹತ್ತಿರ. ಹಾಗಾಗಿ ‘ಎರಡು ತುಂಬೋದ್ರೊಳಗ ಒಂದ್ಸಲ ಹೋಗಿ ಬಂದಬಿಡ್ರಿ’ ಎಂಬ ಸಲಹೆ. ಟಿಕೆಟ್ ಅಗ್ಗವಾದದ್ದು ನಿಜ, ಆದರೆ ಯಾರಿಗೆ? ಆಯಿಯನ್ನು ನೋಡಲು ಹೋಗುವವರಿಗೆ ಅದು ನಿಜವಾದ ಉಳಿತಾಯ. ಬುರ್ಜ್ ಖಲೀಫಾ ನೋಡಲು ಹೋಗುವವರು ಮಗುವಿಗೆ ಬೇಡವಾದದ್ದನ್ನು ಅಗ್ಗಕ್ಕೆ ಕೊಂಡಂತೆ. ಕಾಗದಪತ್ರದ ಖರ್ಚೂ ಇದೆ. ಸಣ್ಣ ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ, ಅದಕ್ಕೆ ತಂದೆ-ತಾಯಿ ಇಬ್ಬರ ಒಪ್ಪಿಗೆಯ ಘೋಷಣೆ ಬೇಕು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೊಂದೇ ನಡೆಯುತ್ತದೆ. ಅದರಲ್ಲಿ ಹೆಸರಿನ ಅಕ್ಷರ ತಪ್ಪಿದ್ದರೆ ಟಿಕೆಟ್ಟಿಗೂ ಮೊದಲು ಅದನ್ನು ತಿದ್ದಿಸಿಕೊಳ್ಳಬೇಕು.

ಧಾರ್ಮಿಕ ಯಾತ್ರೆಯದು ಪ್ರತ್ಯೇಕ ಪ್ರಶ್ನೆ ಎನಿಸಬಹುದು, ಆದರೆ ಅಲ್ಲಿಯೂ ಇದೇ ವಿವೇಕ ಕಾಣುತ್ತದೆ. 2025ರ ಹಜ್‌ಗೆ ಮಕ್ಕಳನ್ನು ಕರೆತರಕೂಡದೆಂದು ಸೌದಿ ಅರೇಬಿಯಾ ನಿರ್ಬಂಧ ಹಾಕಿತು. ಭಾರತದ ಹಜ್ ಸಮಿತಿ 12 ವರ್ಷದೊಳಗಿನವರ ಅರ್ಜಿಗಳನ್ನು ಕೈಬಿಟ್ಟಿತು. ಕಾರಣ ಜನಸಂದಣಿ. ಪ್ರಾಯಕ್ಕೆ ಬರುವ ಮುನ್ನ ಹಜ್ ಕಡ್ಡಾಯವಲ್ಲ ಎನ್ನುವುದು ಧರ್ಮಶಾಸ್ತ್ರದ ಮಾತೇ ಆಗಿದೆ. ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ನಮ್ಮ ಊರುಗಳ ಮಂದಿಯೂ ಎಳೆಯರನ್ನು ಮನೆಯಲ್ಲಿ ಬಿಟ್ಟು ಕಂಬಿ ಹೊರುವುದುಂಟು. ಮಗು ಬಾರದಿದ್ದರೆ ಮಲ್ಲಯ್ಯ ಮುನಿಯುವುದಿಲ್ಲ ಎಂದು ಅವರಿಗೆ ಗೊತ್ತು.

ನನ್ನ ವಾದಕ್ಕೆ ಇರುವ ಅತಿ ಗಟ್ಟಿಯಾದ ಆಕ್ಷೇಪ ವೈದ್ಯರದು. ಬಂಧುಗಳನ್ನು ನೋಡಲು ಪ್ರಯಾಣ ಮಾಡುವವರು ಪ್ರವಾಸಿಗರಿಗಿಂತ ಹೆಚ್ಚು ಜಡ್ಡು ಬೀಳುತ್ತಾರೆ ಎನ್ನುವುದು ಪ್ರಯಾಣ ವೈದ್ಯಶಾಸ್ತ್ರದಲ್ಲಿ ಒಪ್ಪಿತವಾದ ಮಾತು; ಟೈಫಾಯ್ಡ್, ಮಲೇರಿಯಾ ಇದಕ್ಕೆ ಉದಾಹರಣೆ. ‘ನಮ್ಮೂರಲ್ಲವೇ’ ಎಂಬ ಸಲಿಗೆಯಲ್ಲಿ ಅವರು ಡಾಕ್ಟರರ ಬಳಿ ಹೋಗುವುದಿಲ್ಲ, ಸಿಕ್ಕ ನೀರು ಕುಡಿಯುತ್ತಾರೆ. ಈ ಆಕ್ಷೇಪವನ್ನು ಒಪ್ಪಬೇಕು, ಒಪ್ಪಿ ತಯಾರಾಗಬೇಕು. ಪರದೇಶದಿಂದ ಊರಿಗೆ ಬರುವ ಮಗುವಿಗೆ ಟೈಫಾಯ್ಡ್ ಕಾಂಜುಗೇಟ್ ಲಸಿಕೆಯನ್ನು ಆರು ತಿಂಗಳಾದ ಮೇಲೆ ಕೊಡಲು ಬರುತ್ತದೆ. ನಮ್ಮ ಸರ್ಕಾರಿ ವೇಳಾಪಟ್ಟಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಒಂಬತ್ತನೇ ತಿಂಗಳ ನಂತರ, ಎರಡನೆಯದು ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ. ಹೊರಡುವ ದಿನವನ್ನು ಇದರ ಹಿಂದೆ ಮುಂದೆ ಹೊಂದಿಸಬೇಕು, ಅದಕ್ಕಿಂತ ಬೇಗ ಹೊರಡಬೇಕಾದರೆ ಮಕ್ಕಳ ಡಾಕ್ಟರನ್ನು ಕೇಳಬೇಕು. ಊರಿನಲ್ಲಿ ಕಾಸಿ ಆರಿಸಿದ ನೀರು, ಬೀದಿನಾಯಿಯ ಗೀರು ಎಷ್ಟೇ ಸಣ್ಣದಿದ್ದರೂ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಲಸಿಕೆ, ಇವೆರಡರಲ್ಲಿ ಮುಲಾಜು ಬೇಡ. ಪಾದರಸ ನಲವತ್ತು ದಾಟುವ ಏಪ್ರಿಲ್-ಮೇಗಿಂತ ಡಿಸೆಂಬರ್ ವಾಸಿ. ಚಳಿ ಹಿತವಾಗಿರುತ್ತದೆ, ಬೆಲ್ಲದ ಗಾಣಗಳೂ ನಡೆದಿರುತ್ತವೆ. ಇಲ್ಲಿಂದ ಪರದೇಶಕ್ಕೆ ಹೋಗುವವರು ಆರೋಗ್ಯ ವಿಮೆ ಇಲ್ಲದೆ ಹೊರಡಕೂಡದು, ಅಮೆರಿಕದ ತುರ್ತು ಚಿಕಿತ್ಸೆಯ ಒಂದು ಬಿಲ್ಲು ಒಂದು ವರ್ಷದ ಕಬ್ಬಿನ ಬಿಲ್ಲನ್ನು ನುಂಗಬಲ್ಲದು. ಅಪಾಯ ಇದೆ ಎಂಬುದು ಹೋಗದಿರಲು ಕಾರಣವಲ್ಲ. ಬಂಧುಗಳ ಮನೆ ಎಂದು ಮೈಮರೆಯದಿರಲು ಕಾರಣ.

ಕೊನೆಯದಾಗಿ, ತಂದೆ-ತಾಯಿಗೂ ಒಂದು ಬದುಕಿದೆ; ಮಗು ಹುಟ್ಟಿದೊಡನೆ ಅವರ ಆಸೆಗಳಿಗೆ ಬೀಗ ಹಾಕಬೇಕೇ? ಬೇಡ. ಆದರೆ ಪ್ರವಾಸ ಯಾರಿಗಾಗಿ ಎಂಬುದನ್ನು ಸುಳ್ಳಿಲ್ಲದೆ ಹೇಳಿಕೊಳ್ಳಬೇಕು. ‘ಮಕ್ಕಳಿಗೆ ಜಗತ್ತು ತೋರಿಸುತ್ತೇವೆ’ ಎಂದು ಹೊರಟವರು ಮಗು ಹಟ ಮಾಡಿದಾಗ ಅದರ ಮೇಲೆ ರೇಗುತ್ತಾರೆ, ಇಷ್ಟು ಖರ್ಚು ಮಾಡಿದ್ದು ಇದಕ್ಕಾಗಿಯೇ ಎನ್ನುತ್ತಾರೆ. ‘ಇದು ನಮ್ಮ ಆಸೆ, ಮಗು ನಮ್ಮ ಜೊತೆ ಬರುತ್ತಿದೆ’ ಎಂದುಕೊಂಡವರು ಸಮಯದ ಅಂತರ ಕಡಿಮೆ ಇರುವ ಒಂದೇ ಊರು ಆರಿಸುತ್ತಾರೆ, ದಿನಕ್ಕೆ ಒಂದೇ ಜಾಗ ನೋಡುತ್ತಾರೆ, ಮಧ್ಯಾಹ್ನದ ನಿದ್ದೆಗೆ ಕೋಣೆಗೆ ಮರಳುತ್ತಾರೆ. ಇಲ್ಲವೇ ಕೂಡುಕುಟುಂಬದ ಭಾಗ್ಯವಿದ್ದರೆ, ಮಗುವಿಗೆ ರೂಢಿಯಾದ ಆಯಿಯ ಮಡಿಲಲ್ಲಿ ಬಿಟ್ಟು ಐದಾರು ದಿನ ತಾವಿಬ್ಬರೇ ಹೋಗಿ ಬರುತ್ತಾರೆ. ಅದರಲ್ಲಿ ಅಪರಾಧ ಏನೂ ಇಲ್ಲ. ಏಳೆಂಟು ವರ್ಷ ಎನ್ನುವುದೂ ಕಲ್ಲಿನ ಗೆರೆಯಲ್ಲ. ತನ್ನ ಚೀಲ ತಾನು ಹೊರುವ, ಹಲಗೆಯ ಮೇಲಿನ ಹೆಸರು ತಾನೇ ಓದುವ, ಮನೆಗೆ ಬಂದು ಅಣ್ಣತಮ್ಮಂದಿರಿಗೆ ಕತೆ ಹೇಳುವ ವಯಸ್ಸು ಅದು, ಅಷ್ಟೇ.

ಹಾಗಾಗಿ ಟಿಕೆಟ್ ಕಾಯ್ದಿರಿಸುವ ಮುನ್ನ ವಯಸ್ಸು, ದರ, ವೀಸಾ ಎಲ್ಲವನ್ನೂ ಕೇಳಿ. ಅದಕ್ಕೂ ಮೊದಲು, ಬಾಗಿಲು ತೆರೆದು ಕೂಸಿನ ಹೆಸರು ಕೂಗುವವರು ಆ ಊರಿನಲ್ಲಿ ಯಾರು ಎಂದು ಕೇಳಿ. ಉತ್ತರವಾಗಿ ಒಂದು ಹೆಸರು ಬಂದರೆ ಆರು ತಿಂಗಳ ಕೂಸನ್ನೂ ಕುಂಚಿಗೆ ಕಟ್ಟಿ ಹೊರಡಿಸಬಹುದು. ಉತ್ತರವಾಗಿ ಹೋಟೆಲಿನ ಹೆಸರು ಬಂದರೆ, ಆ ದುಡ್ಡು ನಾಲ್ಕೈದು ವರ್ಷ ಬ್ಯಾಂಕಿನಲ್ಲಿ ಬೆಳೆಯಲಿ. ಆ ಹೊತ್ತಿಗೆ ಎಲ್ಲಿಗೆ ಹೋಗಬೇಕೆಂದು ಮಗುವೇ ಹೇಳುತ್ತದೆ.